ಕುಕ್ಕರ್ ಗುರ್ತು, ನಮ್ಮತ್ತೆ ಮತ್ತು ನನ್ನ ಸುಳ್ಳು ಲೆಕ್ಕ

1/8

ಹೋದ ವಾರ ಸ್ಟೋರಿಗೆ ಒಂದು ಹಳೇ ಫೋಟೋ ಹಾಕಿದ್ದೆ ನೋಡಿ. ನಮ್ಮತ್ತೆ ಒಂದು ಕೈಲಿ ಕರಪತ್ರ, ಇನ್ನೊಂದು ಕೈಲಿ ಪ್ರೆಶರ್ ಕುಕ್ಕರ್ ಹಿಡ್ಕೊಂಡು ಉರಿ ಬಿಸಿಲಲ್ಲಿ ನಿಂತಿರೋದು. "ಇದೇನೇ, ಅಡುಗೆ ಕಾಂಪಿಟೇಶನ್ನಾ?" ಅಂತ ಅರ್ಧ ಕ್ಲಾಸು ಡಿಎಂ ಮಾಡ್ತು.

ಅಲ್ಲ ಕಣ್ರೋ. ಅದು ಎಲೆಕ್ಷನ್. 2023ರ ವಿಧಾನಸಭೆ ಚುನಾವಣೆ. ನಮ್ಮತ್ತೆ, ಅಂದ್ರೆ ಅಪ್ಪನ ತಂಗಿ, ಪಕ್ಷೇತರ ಅಭ್ಯರ್ಥಿ. ಬಲಗಡೆ ಅರ್ಧ ಕಟ್ ಆಗಿರೋ ಚೂಡಿದಾರ ನಾನು. ಕೈಲಿರೋದು ನೋಟ್‌ಬುಕ್.

ಆಗ ನಂಗೆ 18 ತುಂಬಿ ಎರಡು ತಿಂಗಳಾಗಿತ್ತು. ಸೆಕೆಂಡ್ ಪಿಯು ಕಾಮರ್ಸ್ ಪರೀಕ್ಷೆ ಮುಗಿದು ರಜೆ. ಅತ್ತೆ ಹೇಳಿದ್ರು, "ಲೆಕ್ಕ ಬರೆಯೋಕೆ ಒಬ್ರು ಬೇಕು ಪುಟ್ಟಿ, ನೀನು ಬಾ."

ಹದಿನಾಲ್ಕು ದಿನ ಮನೆ ಮನೆ ತಿರುಗಿದ್ವಿ. ಗೆಲ್ಲಲಿಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ, ಸಸ್ಪೆನ್ಸ್ ಏನೂ ಇಲ್ಲ. ಆದ್ರೆ ಆ ನೋಟ್‌ಬುಕ್ಕಲ್ಲಿ ನಾನು ಬರೆದ ಒಂದು ಎಂಟ್ರಿ ಸುಳ್ಳು. ಇದುವರೆಗೂ ಅತ್ತೆಗೆ ಬಿಟ್ರೆ ಯಾರಿಗೂ ಹೇಳಿಲ್ಲ. ಅದನ್ನ ಹೇಳೋಕೇ ಇಷ್ಟುದ್ದ ಬರೀತಿರೋದು. ಕ್ಯಾಪ್ಶನ್ ಓದೋ ತಾಳ್ಮೆ ಇಲ್ದೋರು ಫೋಟೋ ನೋಡ್ಕೊಂಡು ಹೋಗಬಹುದು.

2/8

(ಫೋಟೋ: ಅತ್ತೆಯ ಹೊಲಿಗೆ ಮಿಷನ್ನು)

ನಮ್ದು ತುಮಕೂರು ಕಡೆಯ ತೆಂಗಿನ ಸೀಮೆ. ಅತ್ತೆ ಮನೆಯ ಮುಂದಿನ ಕೋಣೆಯಲ್ಲೇ ಟೈಲರ್ ಅಂಗಡಿ ಇಟ್ಟಿದಾರೆ. ಬ್ಲೌಸು, ಲಂಗ, ಸ್ಕೂಲ್ ಯೂನಿಫಾರಂ. ಜೊತೆಗೆ ಹುಡುಗೀರಿಗೆ ಹೊಲಿಗೆ ಕಲಿಸ್ತಾರೆ.

ಆ ವರ್ಷ ಕಲಿಯೋಕೆ ಬರ್ತಿದ್ದೋರು 9 ಜನ. ಅದ್ರಲ್ಲಿ 6 ಜನ ಎಸ್ಸೆಸ್ಸೆಲ್ಸಿ ಪಾಸಾಗಿ ಓದು ಬಿಟ್ಟೋರು. ಯಾಕ್ರಮ್ಮಾ ಅಂದ್ರೆ ಎಲ್ಲರದ್ದೂ ಒಂದೇ ಉತ್ತರ: ಕಾಲೇಜು ತಾಲೂಕಲ್ಲಿ, ಬೆಳಗ್ಗೆ ಟೈಮಿಗೆ ಬಸ್ಸಿಲ್ಲ. ಇರೋ ಒಂದು ಬಸ್ಸು ಹಿಂದಿನ ಊರಲ್ಲೇ ತುಂಬಿ, ನಮ್ಮೂರಲ್ಲಿ ನಿಲ್ಲೋದೇ ಇಲ್ಲ.

ಅತ್ತೆ ಒಂದಿನ ಊಟಕ್ಕೆ ಕೂತಾಗ ಹೇಳಿದ್ರು, "ನನ್ನ ಹತ್ರ ಹೊಲಿಗೆ ಕಲಿಯೋಕೆ ಆಸೆಪಟ್ಟು ಬರ್ಲಿ. ಬಸ್ಸಿಲ್ಲ ಅಂತ ಬರೋದು ಬೇಡ." ಅರ್ಜಿ ಕೊಟ್ಟಿದ್ರು, ಇಬ್ರು ಮುಖಂಡರ ಮನೆ ಬಾಗಿಲಿಗೂ ಹೋಗಿದ್ರು. "ಆಗುತ್ತಮ್ಮ" ಅಂತ ಕಳಿಸಿದ್ರು. ಏಪ್ರಿಲಲ್ಲಿ ಅತ್ತೆ ನಾಮಪತ್ರ ಹಾಕ್ತೀನಿ ಅಂದ್ರು. ಗೆದ್ದೇ ಬಿಡ್ತೀನಿ ಅನ್ನೋ ಭ್ರಮೆ ಅವ್ರಿಗೆ ಯಾವತ್ತೂ ಇರ್ಲಿಲ್ಲ. "ನಾವೂ ಒಂದಿಷ್ಟು ಓಟು ಇದೀವಿ ಅಂತ ಗೊತ್ತಾದ್ರೆ ಸಾಕು" ಅಷ್ಟೇ.

ನೀವು ಸುಮ್ನೆ ನಿಂತ್ಕೊಳ್ಳೋಕಾಗಲ್ಲ. ಮಾನ್ಯತೆ ಇರೋ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕರು ಸಾಕು. ಪಕ್ಷೇತರರಿಗೆ 10 ಜನ, ಅದೇ ಕ್ಷೇತ್ರದ ಓಟರ್‌ಗಳೇ ಆಗಿರಬೇಕು. ಠೇವಣಿ 10,000 ರೂಪಾಯಿ. ಆಸ್ತಿ, ಸಾಲ, ಕೇಸು ಎಲ್ಲದರ ಅಫಿಡವಿಟ್. ಚುನಾವಣೆ ಖರ್ಚಿಗೇ ಅಂತ ಬೇರೆ ಬ್ಯಾಂಕ್ ಅಕೌಂಟ್. 10 ಸಹಿ ಸಿಗೋಕೇ ಮೂರು ದಿನ ಹಿಡೀತು. "ನಿಮ್ಗೆ ಓಟು ಹಾಕ್ತೀವಮ್ಮ, ಸಹಿ ಮಾತ್ರ ಬೇಡ, ಹೆಸ್ರು ಗೊತ್ತಾಗುತ್ತೆ" ಅಂದೋರೇ ಜಾಸ್ತಿ.

ಅಪ್ಪ ಪ್ರಚಾರಕ್ಕೆ ಬರಲ್ಲ ಅಂದ್ಬಿಟ್ರು. ಅವ್ರದ್ದು ಕಾಯಿ ವ್ಯಾಪಾರ, ಎರಡೂ ಪಾರ್ಟಿಯೋರ ಜೊತೆ ವ್ಯವಹಾರ. ಅತ್ತೆಗೆ ಬೇಜಾರಾಯ್ತೋ ಏನೋ, ತೋರಿಸ್ಕೊಳ್ಳಲಿಲ್ಲ.

3/8

(ಫೋಟೋ: ಅದೇ ಕುಕ್ಕರ್, ತಳ ಸುಟ್ಟಿದೆ, ನಗಬೇಡಿ)

ಪಕ್ಷಗಳ ಗುರ್ತು ನಮ್ಗೆ ನಿದ್ದೇಲಿ ಕೇಳಿದ್ರೂ ಗೊತ್ತು. ಪಕ್ಷೇತರರ ಗುರ್ತು ಯಾರಿಗೂ ಗೊತ್ತಿರಲ್ಲ, ನಿಂತಿರೋರಿಗೇ ಗೊತ್ತಿರಲ್ಲ! ನಾಮಪತ್ರದಲ್ಲಿ ಮೂರು ಗುರ್ತು ಬರೆದುಕೊಡಬೇಕು. ಸಿಗೋದು ಯಾವ್ದು ಅಂತ ತಿಳಿಯೋದು ನಾಮಪತ್ರ ವಾಪಸ್ ತಗೊಳ್ಳೋ ಗಡುವು ಮುಗಿದ ಮೇಲೆ. ನಮ್ಗೆ ಅದು ಏಪ್ರಿಲ್ 24ರ ಮಧ್ಯಾಹ್ನ. ಮತದಾನ ಮೇ 10. ಅದಕ್ಕೆ 48 ಗಂಟೆ ಮುಂಚೆ ಬಹಿರಂಗ ಪ್ರಚಾರ ಬಂದ್. ಅಂದ್ರೆ ಎರಡು ಲಕ್ಷದಷ್ಟು ಓಟಿರೋ ಕ್ಷೇತ್ರಕ್ಕೆ ನಮ್ಮ ಗುರ್ತು ತಿಳಿಸೋಕೆ ಸಿಕ್ಕಿದ್ದು ಎರಡೇ ವಾರ.

ಅತ್ತೆ ಮೊದಲು ಕೇಳಿದ್ದು ಹೊಲಿಗೆ ಮಿಷನ್ನು. ಇನ್ನೊಬ್ರು ಪಕ್ಷೇತರರೂ ಅದನ್ನೇ ಕೇಳಿದ್ರು. ಚೀಟಿ ಎತ್ತಿದ್ರು, ಅವ್ರಿಗೆ ಹೋಯ್ತು. ಎರಡನೇದು ಪ್ರೆಶರ್ ಕುಕ್ಕರ್. "ಎಲ್ಲಾರ ಮನೇಲೂ ಇರುತ್ತಲ್ಲ, ಜ್ಞಾಪಕ ಇಟ್ಕೊಳ್ಳೋದು ಸುಲಭ" ಅಂತ ಬರೆದಿದ್ರು.

ಎಡವಟ್ಟಾಗಿದ್ದು ಅಲ್ಲೇ. ಎಲೆಕ್ಷನ್ ಟೈಮಲ್ಲಿ ಕುಕ್ಕರ್ ಅಂದ್ರೆ ಜನ ಏನು ಅರ್ಥ ಮಾಡ್ಕೋತಾರೆ ಅಂತ ನಿಮ್ಗೇ ಗೊತ್ತು. ನಾವು ಬಾಗಿಲಲ್ಲಿ ನಿಂತು "ಕುಕ್ಕರ್ ಗುರ್ತಿಗೆ ಓಟು ಕೊಡಿ" ಅಂದ್ರೆ ಒಳಗಿಂದ, "ಎಷ್ಟು ಲೀಟರಿಂದು?" ಅಂತ ಕೇಳೋರು. ಒಂದು ಮನೇಲಂತೂ ಆಂಟಿ ಆಧಾರ್ ಕಾರ್ಡೇ ತಂದ್ರು.

ಒಂದಿನ ಪಕ್ಕದ ಹಳ್ಳಿಗೆ ಸ್ಕೂಟಿಯಲ್ಲಿ ಹೋಗ್ತಿದ್ವಿ. ಗುರ್ತು ತೋರಿಸೋಕೆ ಅಂತ ಮನೆ ಕುಕ್ಕರ್ ನನ್ನ ಮಡಿಲಲ್ಲಿ. ಚೆಕ್‌ಪೋಸ್ಟಲ್ಲಿ ತಡೆದ್ರು. "ಏನಮ್ಮಾ ಇದು? ಬಿಲ್ ಎಲ್ಲಿ? ಇನ್ನೂ ಎಷ್ಟಿವೆ?" ಅತ್ತೆ ಕುಕ್ಕರ್ ತಿರುಗಿಸಿ ಕರ್ರಗಿದ್ದ ತಳ ತೋರಿಸಿದ್ರು. "ಸಾರ್, ಇದನ್ನ ಹಂಚಿದ್ರೆ ಇರೋ ಓಟೂ ಹೋಗುತ್ತೆ." ಅಲ್ಲಿದ್ದೋರೆಲ್ಲ ನಕ್ಕು ಕಳಿಸಿದ್ರು.

4/8

(ಫೋಟೋ: ರಂಗೋಲಿ, ಪಕ್ಕದಲ್ಲಿ ನಮ್ಮ ಚಪ್ಪಲಿಗಳು)

ದಿನಕ್ಕೆ 70 ಮನೆ ಅಂತ ಲೆಕ್ಕ ಹಾಕಿದ್ದೆ. 14 ದಿನಕ್ಕೆ 980. ಇಡೀ ಕ್ಷೇತ್ರ ಸುತ್ತೋ ಮಾತೇ ಇಲ್ಲ, ಅದಕ್ಕೇ ನಮ್ಮ ಹೋಬಳಿ ಸಾಕು ಅಂದ್ಕೊಂಡ್ವಿ. ಮೊದಲ ದಿನ ಆಗಿದ್ದು 31 ಮನೆ.

ಬೆಳಗ್ಗೆ ಹತ್ತರ ಮೇಲೆ ಹೋದ್ರೆ ಬೀಗ. ಎಲ್ಲಾರೂ ತೋಟಕ್ಕೆ, ಕೂಲಿಗೆ ಹೋಗಿರ್ತಾರೆ. ಹಂಗಾಗಿ ಬೆಳಗ್ಗೆ ಆರೂವರೆಯಿಂದ ಒಂಬತ್ತೂವರೆ, ಸಂಜೆ ಐದೂವರೆಯಿಂದ ಎಂಟು. ಬೆಳಗ್ಗೆ ಹೆಂಗಸ್ರಿಗೆ ಮೈಯೆಲ್ಲಾ ಕೆಲ್ಸ, ನಾವು ಮಾತಾಡ್ತಿದ್ರೆ ಒಲೆ ಮೇಲೆ ಹಾಲು ಉಕ್ಕುತ್ತೆ. ಸಂಜೆ ಗಂಡಸ್ರು ಜಗಲಿ ಮೇಲೆ ಇರ್ತಾರೆ, ಹೆಂಗಸ್ರು ಬಾಗಿಲ ಹಿಂದೆ ನಿಂತು ಕೇಳಿಸ್ಕೋತಾರೆ. ಅತ್ತೆ ಜಗಲಿಯೋರಿಗೆ ಕೈಮುಗಿದು, ಮಾತಾಡೋದು ಮಾತ್ರ ಬಾಗಿಲ ಹಿಂದಿದ್ದೋರ ಜೊತೆ. "ಅಕ್ಕಾ, ನಿಮ್ಮ ಮಗಳು ಏನು ಓದ್ತಿದ್ದಾಳೆ?" ಅಂತ ಶುರು ಮಾಡೋರು. ಬಸ್ಸಿನ ಮಾತು ತಾನಾಗೇ ಬರೋದು.

ನಂಗೆ ಮೊದಮೊದಲು ಬಾಯೇ ಬರ್ತಿರ್ಲಿಲ್ಲ. ಬೇರೆಯೋರ ಬಾಗಿಲಲ್ಲಿ ನಿಂತು "ಕೊಡಿ" ಅನ್ನೋದು ಎಷ್ಟು ಕಷ್ಟ ಅಂತ ನಿಂತಾಗಲೇ ಗೊತ್ತಾಗೋದು. ಕೆಲವ್ರು ಮಜ್ಜಿಗೆ ಕೊಟ್ರು, ಎಳನೀರು ಕೊಚ್ಚಿ ಕೊಟ್ರು. ಕೆಲವ್ರು ನಮ್ಮ ಮುಖ ನೋಡಿ ಟಿವಿ ಸೌಂಡ್ ಜಾಸ್ತಿ ಮಾಡಿದ್ರು. ಒಂದು ಮನೇಲಿ ಹಿಂದಿನ ದಿನವಷ್ಟೇ ಸಾವಾಗಿತ್ತು, ನಮ್ಗೆ ಗೊತ್ತಿರ್ಲಿಲ್ಲ. ಅತ್ತೆ ಕರಪತ್ರ ಬ್ಯಾಗಿಗೆ ಹಾಕಿ ಅರ್ಧ ಗಂಟೆ ಅಲ್ಲೇ ಕೂತ್ರು. ಓಟಿನ ಮಾತು ಎತ್ತಲೇ ಇಲ್ಲ.

ನನ್ನ ಹತ್ರ ಎರಡು ಪುಸ್ತಕ. ಒಂದು ಚುನಾವಣಾ ಖರ್ಚಿನ ರಿಜಿಸ್ಟರ್: ದಿನದ ಖರ್ಚಿಗೆ ಬಿಳಿ ಹಾಳೆ, ನಗದಿಗೆ ಗುಲಾಬಿ, ಬ್ಯಾಂಕಿಗೆ ಹಳದಿ. ಟೀ ಕುಡಿದ್ರೂ ಬರೀಬೇಕು, ಪ್ರಚಾರದ ಮಧ್ಯೆ ಮೂರು ಸಲ ಅಧಿಕಾರಿಗಳಿಗೆ ತೋರಿಸಬೇಕು. ಖರ್ಚಿನ ಮಿತಿ 40 ಲಕ್ಷ. ನಮ್ಮ ಒಟ್ಟು ಖರ್ಚು 58,460 ರೂಪಾಯಿ.

ಇನ್ನೊಂದು ನನ್ನ ಸ್ವಂತ ನೋಟ್‌ಬುಕ್. ಮನೆ, ಓಟು ಎಷ್ಟು, ಮತ್ತೆ ಮೂರು ಕಾಲಂ: ಖಂಡಿತ, ನೋಡೋಣ, ಇಲ್ಲ.

ಸುಳ್ಳು ಎಂಟ್ರಿ ಇರೋದು ಇದ್ರಲ್ಲಿ.

5/8

(ಫೋಟೋ ಇಲ್ಲ. ಅವತ್ತು ತೆಗೆಯೋ ಮನಸ್ಸಾಗ್ಲಿಲ್ಲ)

ಜನವರಿಯಲ್ಲಿ ನಮ್ಮ ಪಿಯು ಕಾಲೇಜಲ್ಲಿ ಫಾರ್ಮ್ 6 ಕೊಟ್ಟಿದ್ರು. ಹೊಸದಾಗಿ ಓಟರ್ ಲಿಸ್ಟಿಗೆ ಸೇರೋರು ತುಂಬೋ ಅರ್ಜಿ. ನಂಗೆ ಫೆಬ್ರವರಿಗೆ 18 ತುಂಬುತ್ತಿತ್ತು. ಏಪ್ರಿಲ್ 1ಕ್ಕೆ 18 ಆಗಿದ್ರೆ ಸಾಕು, ಸೇರಬಹುದಿತ್ತು. ಪರೀಕ್ಷೆ ಮುಗೀಲಿ ಅಂದೆ. ಪರೀಕ್ಷೆ ಮುಗೀತು, ನಿದ್ದೆ ಮಾಡಿದೆ. ಫಾರ್ಮು ಅಕೌಂಟೆನ್ಸಿ ಟೆಕ್ಸ್ಟ್ ಬುಕ್ ಒಳಗೇ ಇತ್ತು. ಅತ್ತೆ ನಾಮಪತ್ರ ಹಾಕೋ ಹೊತ್ತಿಗೆ ಜ್ಞಾಪಕ ಬಂದು ಕೇಳಿದ್ರೆ, ಈ ಎಲೆಕ್ಷನ್ನಿಗೆ ಹೆಸರು ಸೇರಿಸೋ ದಿನ ಮುಗಿದಿತ್ತು.

ಮನೇಲಿ ಯಾರಿಗೂ ಹೇಳ್ಲಿಲ್ಲ. ಯಾರೂ ಕೇಳಲೂ ಇಲ್ಲ.

ಒಂಬತ್ತನೇ ದಿನ ನಮ್ಮೂರಲ್ಲೇ ಕೆಳಗಿನ ಬೀದಿ. ಅತ್ತೆ ಒಂದು ಸಾಲು, ನಾನು ಇನ್ನೊಂದು ಸಾಲು. ಕೊನೇ ಮನೇಲಿ ಒಬ್ರು ಅಜ್ಜಿ, ಒಬ್ಬರೇ ಇರೋದು. ಹೊಸಿಲ ಮೇಲೆ ಕೂತು ಅವರೆಕಾಳು ಹಸನು ಮಾಡ್ತಿದ್ರು.

"ಯಾರ ಮಗಳವ್ವ ನೀನು?"

ಹೇಳಿದೆ.

"ಓ, ಅವನ ಮಗಳಾ. ಇಷ್ಟುದ್ದ ಆದೇನವ್ವ. ಓಟು ಬಂತಾ ನಿಂಗೆ?"

ಇಲ್ಲ ಅನ್ನಬೇಕಿತ್ತು. ಅಷ್ಟೇ, ಎರಡಕ್ಷರ. ಆದ್ರೆ ಓಟೇ ಇಲ್ಲದೋಳು ಓಟು ಕೇಳೋಕೆ ಬಂದಿದಾಳೆ ಅಂದ್ಕೋತಾರಲ್ಲ ಅನ್ನಿಸ್ತು.

"ಬಂತಜ್ಜಿ. ಇದೇ ಮೊದಲನೇದು."

ಅಜ್ಜಿ ನನ್ನ ಕೈ ಹಿಡ್ಕೊಂಡ್ರು. ಕೈ ತುಂಬಾ ಅವರೆ ಧೂಳು. "ಹಂಗಾರೆ ನಿಂದೊಂದು, ನಂದೊಂದು. ಎಲ್ಡು ಅಂತ ಬರ್ಕೋ."

ಅವ್ರ ಮುಂದೇನೇ ನೋಟ್‌ಬುಕ್ ತೆಗೆದು 'ಖಂಡಿತ' ಕಾಲಮ್ಮಲ್ಲಿ 2 ಅಂತ ಬರೆದೆ. ಅಜ್ಜಿಗೆ ಓದೋಕೆ ಬರಲ್ಲ. ಆದ್ರೂ ಬಗ್ಗಿ ನೋಡಿದ್ರು, ಬರೆದ್ನೋ ಇಲ್ವೋ ಅಂತ.

6/8

(ಫೋಟೋ: ರಾತ್ರಿ, ಬೀದಿ ದೀಪ)

ಕೊನೇ ಮೂರು ದಿನ ಊರಿನ ಗಾಳಿಯೇ ಬದಲಾಯ್ತು. ರಾತ್ರಿ ಹೊತ್ತು ಬೈಕು ಓಡಾಟ. ಬೆಳಗ್ಗೆ ನಾವು ಹೋದ್ರೆ, ಹೋದ ವಾರ ಮಜ್ಜಿಗೆ ಕೊಟ್ಟೋರು ಕಣ್ಣು ತಪ್ಪಿಸ್ತಿದ್ರು.

ಒಬ್ರು ಆಂಟಿ ಮಾತ್ರ ನೇರವಾಗಿ ಹೇಳಿದ್ರು. ಅವ್ರ ಮಗಳು ಅತ್ತೆ ಹತ್ರ ಹೊಲಿಗೆ ಕಲಿಯೋಳು. ನನ್ನ ನೋಟ್‌ಬುಕ್ಕಲ್ಲಿ ಆ ಮನೆ 'ಖಂಡಿತ', 4 ಓಟು. ಅತ್ತೆಯನ್ನ ಹಿತ್ತಲಿಗೆ ಕರ್ಕೊಂಡು ಹೋಗಿ, ಸೆರಗಲ್ಲಿ ಕಣ್ಣೊರೆಸ್ಕೊಂಡು ಅಂದ್ರು, "ತಗೊಂಡ್ಬಿಟ್ವಿ ಕಣಕ್ಕ. ತಲೆಗೆ ಐನೂರು. ದೇವ್ರ ಫೋಟೋ ಮುಟ್ಟಿಸಿ ಆಣೆ ಮಾಡಿಸ್ಕೊಂಡ್ರು. ಇನ್ನು ನಿಮ್ಗೆ ಹಾಕಿದ್ರೆ ಮಕ್ಕಳಿಗೆ ಏನಾದ್ರೂ ಆದ್ರೆ ಅಂತ ಭಯ."

ನಂಗೆ ಮೈಯೆಲ್ಲಾ ಉರೀತು. ದುಡ್ಡು ತಗೊಂಡ್ರೂ ಇಷ್ಟ ಬಂದೋರಿಗೆ ಹಾಕಬಹುದಲ್ಲ, ಒಳಗೆ ಯಾರು ನೋಡ್ತಾರೆ ಅಂತ ವಾದ ಮಾಡೋಕೆ ಬಾಯಿ ತೆಗೆದೆ. ಅತ್ತೆ ನನ್ನ ಕೈ ಚಿವುಟಿದ್ರು. ಆಂಟಿಗೆ, "ಆಯ್ತು ಬಿಡಿ. ನೀವು ಹೇಳಿದ್ರಲ್ಲ, ಅದೇ ದೊಡ್ಡದು. ಮಗಳನ್ನ ಸೋಮವಾರದಿಂದ ಕ್ಲಾಸಿಗೆ ಕಳಿಸಿ" ಅಂದ್ರು.

ದಾರೀಲಿ ನಾನು ಗೊಣಗ್ತಾನೇ ಬಂದೆ. 4 ಹೊಡೆದುಹಾಕಿ ದೊಡ್ಡದಾಗಿ 0 ಬರೆದೆ. ಪಕ್ಕದಲ್ಲಿ 'ಸುಳ್ಳಿ' ಅಂತಾನೂ ಬರೆದೆ.

ಹೌದು, ನಾನು. ಅಜ್ಜಿ ಮುಂದೆ 2 ಅಂತ ಬರೆದವಳು. ಆ ಹೊತ್ತಲ್ಲಿ ಅದು ತಲೆಗೇ ಬರ್ಲಿಲ್ಲ.

ಅವತ್ತು ರಾತ್ರಿ ಅತ್ತೆ ಚಪ್ಪಲಿ ಉಂಗುಷ್ಟ ಕಿತ್ತು ಪಿನ್ನು ಹಾಕ್ಕೊಂಡು ಬಂದಿದ್ರು. ಬೆಳಗ್ಗೆ ಎದ್ದು ನೋಡಿದ್ರೆ ಎರಡೂ ಚಪ್ಪಲಿ ಗಟ್ಟಿಯಾಗಿ ಹೊಲಿಸಿ ಬಾಗಿಲಲ್ಲಿ ಇಟ್ಟಿತ್ತು. ಅಪ್ಪ ಆಗಲೇ ಅಂಗಡಿಗೆ ಹೋಗಿದ್ರು.

7/8

(ಫೋಟೋ: ನೋಟ್‌ಬುಕ್ಕಿನ ಆ ಪುಟ. ಹೆಸರುಗಳನ್ನ ಮರೆಮಾಡಿದ್ದೀನಿ)

ಮೇ 13, ಎಣಿಕೆ. ಅತ್ತೆಗೆ ಬಂದಿದ್ದು 874 ಓಟು. ನೋಟಾ ನಮಗಿಂತ ಮುಂದೆ. ಠೇವಣಿ ಉಳಿಯೋಕೆ ಸಿಂಧುವಾದ ಓಟಲ್ಲಿ ಆರನೇ ಒಂದು ಭಾಗ ಬೇಕು. ನಮ್ಮ ಕ್ಷೇತ್ರದಲ್ಲಿ ಅದು ಇಪ್ಪತ್ತೈದು ಸಾವಿರದ ಮೇಲೆ. 10,000 ಹೋಯ್ತು.

ಅದು ನಂಗೆ ಅಷ್ಟು ನೋವಾಗ್ಲಿಲ್ಲ. ನೋವಾಗಿದ್ದು ಬೂತ್‌ವಾರು ಲೆಕ್ಕ ಬಂದಾಗ. ನಮ್ಮೂರಿನ ಬೂತಲ್ಲಿ 41 ಓಟು. ನನ್ನ ನೋಟ್‌ಬುಕ್ಕಲ್ಲಿ ನಮ್ಮೂರಿನ 'ಖಂಡಿತ' ಎಷ್ಟು? 64. ಆಣೆ ಮಾಡಿದ ಆಂಟಿ ಮನೆ ಕಳೆದ ಮೇಲೆ 64!

ಬ್ಯಾಂಕ್ ರಿಕನ್ಸಿಲಿಯೇಶನ್ ಮಾಡ್ತೀವಲ್ಲ, ಪಾಸ್ ಬುಕ್ಕು ಕ್ಯಾಶ್ ಬುಕ್ಕು ತಾಳೆ ಆಗದಿದ್ರೆ ಒಂದೊಂದೇ ಎಂಟ್ರಿ ಹಿಡಿದು ಹುಡುಕೋದು. ನಾನು ಅದನ್ನೇ ಶುರು ಮಾಡಿದೆ. ಅತ್ತೆ ಅಂಗಡಿ ನೆಲದ ಮೇಲೆ ಕೂತು, 23 ಓಟು ಎಲ್ಲಿ ಹೋಯ್ತು ಅಂತ. ಈ ಮನೆ ಅನುಮಾನ, ಆ ಮನೆ ಅನುಮಾನ. ಚಿಕ್ಕಪ್ಪನ ಮನೆ ಮುಂದೆ ಗೆರೆ. ಕೊನೆಗೆ ಅಪ್ಪನ ಹೆಸರ ಮುಂದೆ ಪ್ರಶ್ನೆ ಚಿಹ್ನೆ.

ಅತ್ತೆ ಕಾಜಾ ಹೊಲೀತಿದ್ದೋರು ಎದ್ದು ಬಂದು ನೋಡಿದ್ರು. "ಏನೇ ಇದು?"

"ಯಾರ್ಯಾರು ಮೋಸ ಮಾಡಿದ್ರು ಅಂತ ನೋಡ್ತಿದೀನಿ."

ಅವ್ರು ಪುಟದ ಮೇಲೆ ಬೆರಳಿಟ್ಟು ಕೆಳಗೆ ಬಂದ್ರು. ಕೆಳಗಿನ ಬೀದಿ, ಕೊನೇ ಮನೆ. "ಇಲ್ಲಿ 2 ಅಂತ ಇದೆ. ಅಜ್ಜಿ ಒಬ್ರೇ ಅಲ್ವಾ ಇರೋದು?"

ಹೇಳಿಬಿಟ್ಟೆ. ಫಾರ್ಮು, ಟೆಕ್ಸ್ಟ್ ಬುಕ್ಕು, ಅವರೆಕಾಳು, ಎಲ್ಲಾ. ಹೇಳ್ತಾ ಹೇಳ್ತಾ ಅಳು ಬಂತು.

ಅತ್ತೆ ಬೈಯಲಿಲ್ಲ. ಸೀಮೆಸುಣ್ಣ ಅಂಟಿದ ಬೆರಳಲ್ಲೇ ಆ 2ರ ಮೇಲೆ ಒತ್ತಿ ಹಿಡಿದು, "ಹಂಗಾದ್ರೆ 63. ಮೊದ್ಲು ನಿಂದು ತಿದ್ದು" ಅಂದ್ರು.

ತಿದ್ದಿದೆ.

"ಉಳಿದಿದ್ದು ಅವರವರದ್ದು ಪುಟ್ಟಿ. ಕೇಳೋಕೆ ಹೋದ್ವಿ, ಕೇಳಿದ್ವಿ. ಕೊಟ್ರಾ ಅಂತ ವಿಚಾರಣೆ ಮಾಡೋ ಹಂಗಿಲ್ಲ. ಅದಕ್ಕೇ ಅಲ್ವಾ ಅಲ್ಲಿ ರಟ್ಟು ಮರೆ ಮಾಡಿ ಇಟ್ಟಿರೋದು?"

"ಅಪ್ಪ ಹಾಕಿದಾರಾ ಅಂತ ನಿಮಗೂ ಗೊತ್ತಾಗಬೇಕು ಅನ್ನಿಸಲ್ವಾ?"

"ಅನ್ಸುತ್ತೆ" ಅಂದ್ರು. ಮತ್ತೆ ಮಿಷನ್ ಹತ್ರ ಹೋಗಿ ಕೂತ್ರು. ಪೆಡಲ್ ತುಳಿಯೋ ಸದ್ದು ಬರೋಕೆ ಸ್ವಲ್ಪ ಹೊತ್ತಾಯ್ತು.

ಆ ಪುಟ ಒಂದನ್ನ ನಾನು ಹರಿದು ಇಟ್ಕೊಂಡೆ. ಉಳಿದ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಅತ್ತೆ ಈಗಲೂ ಬ್ಲೌಸಿನ ಅಳತೆ ಬರ್ಕೋತಾರೆ.

8/8

(ಕೊನೇ ಫೋಟೋ: ನನ್ನ ಬೆರಳು)

ಖರ್ಚಿನ ಲೆಕ್ಕವನ್ನ ಫಲಿತಾಂಶ ಬಂದ 30 ದಿನದೊಳಗೆ ಕೊಡಬೇಕು. ಸೋತೋರೂ ಕೊಡಬೇಕು, ಕೊಡದಿದ್ರೆ ಮೂರು ವರ್ಷ ಅನರ್ಹ ಮಾಡಬಹುದು. ಅದನ್ನ ಬಿಲ್ಲುಗಳ ಸಮೇತ ನಾನೇ ಜೋಡಿಸಿ ಕೊಟ್ಟೆ. ಅದರಲ್ಲಿ ಒಂದು ರೂಪಾಯಿಯೂ ಸುಳ್ಳಿಲ್ಲ. ಆಮೇಲೆ ಸೀದಾ ಹೋಗಿ ಫಾರ್ಮ್ 6 ತುಂಬಿದೆ.

ಜೂನಿಯರ್‌ಗಳಿಗೆ ಒಂದು ಮಾತು. 18 ಆದ್ಮೇಲೆ ಮುಂದಿನ ಜನವರಿವರೆಗೂ ಕಾಯಬೇಕಿಲ್ಲ. ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1, ವರ್ಷಕ್ಕೆ ನಾಲ್ಕು ದಿನಾಂಕ ಇದಾವೆ. 17 ತುಂಬಿದ್ರೆ ಮುಂಗಡವಾಗೇ ಅರ್ಜಿ ಹಾಕಬಹುದು. ಫೋನಲ್ಲೇ ಆಗುತ್ತೆ. ಟೆಕ್ಸ್ಟ್ ಬುಕ್ ಒಳಗೆ ಇಡಬೇಡಿ.

ಇನ್ನು "ಪಕ್ಷೇತರರಿಗೆ ಹಾಕಿದ್ರೆ ಓಟು ವೇಸ್ಟು" ಅಂತ ಕಾಮೆಂಟ್ ಹಾಕೋಕೆ ಕಾಯ್ತಿರೋರಿಗೆ: ಇರಬಹುದು ಕಣ್ರೋ. 874 ಓಟಿಂದ ಬಸ್ಸೇನೂ ಬರ್ಲಿಲ್ಲ. ನನ್ನ ಓಟಂತೂ ವೇಸ್ಟ್ ಆಗೋಕೂ ಇರ್ಲಿಲ್ಲ. ಬಸ್ಸಿಗೆ ಅತ್ತೆ ಇನ್ನೂ ಅರ್ಜಿ ಬರೀತಾನೇ ಇದಾರೆ, ಈಗ ಕೆಳಗೆ ಸಹಿ ಹಾಕೋಕೆ ಜನ ಮೂರು ದಿನ ತಗೊಳ್ಳಲ್ಲ. ಆಣೆ ಮಾಡಿದ ಆಂಟಿ ಸಹಿ ಮೊದಲನೇದು. ಅವ್ರ ಬಗ್ಗೆ ನಾನು ಬರೆದಿದ್ದ ಆ ಪದವನ್ನೂ ಹೊಡೆದು ಹಾಕಿದ್ದೀನಿ. ನಮ್ಮಿಬ್ಬರಲ್ಲಿ ನಿಜ ಹೇಳಿದ್ದು ಅವ್ರು.

2024ರ ಏಪ್ರಿಲ್ 26. ಲೋಕಸಭೆ ಎಲೆಕ್ಷನ್, ನನ್ನ ನಿಜವಾದ ಮೊದಲ ಓಟು. ಸ್ಕೂಲಿಂದ ಈಚೆ ಬಂದ್ರೆ ಬೇವಿನ ಮರದ ಕೆಳಗೆ ಕುರ್ಚಿ ಮೇಲೆ ಅದೇ ಅಜ್ಜಿ. ಓಟು ಹಾಕಿ ಸುಧಾರಿಸ್ಕೊಳ್ತಿದ್ರು. ನನ್ನ ಬೆರಳು ಹಿಡಿದು ಶಾಯಿ ನೋಡಿದ್ರು.

"ಎಷ್ಟನೇದವ್ವ?"

"ಮೊದಲನೇದು ಅಜ್ಜಿ."

ಅಜ್ಜಿ ನನ್ನ ಮುಖವನ್ನೇ ನೋಡಿದ್ರು.

"ಹೋದ ಸಲಾನೂ ಹಂಗೇ ಅಂದಿದ್ದೆ."

ನಂಗೆ ಮಾತೇ ಹೊರಡಲಿಲ್ಲ. ಅಜ್ಜಿ ಕೈ ಮಾತ್ರ ಬಿಡಲಿಲ್ಲ. "ನಡಿ, ಮನೆ ತಂಕ ಬಿಡು, ಬಿಸ್ಲು" ಅಂದ್ರು. ಬಿಟ್ಟು ಬಂದೆ.